ಮನೆಗೆ ಎಂತಹ ಇನ್ವರ್ಟರ್ ಬೇಕು: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಇನ್ವರ್ಟರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಷ್ಟು ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಸಾಕಾದೀತು ಎಂಬ ಪ್ರಶ್ನೆಯಿಂದಲೇ ಆರಂಭಿಸುತ್ತಾರೆ. ಆದರೆ ವಿದ್ಯುತ್ ಹೋದಾಗ ಮನೆಯಲ್ಲಿ ಯಾವ ಯಾವ ಉಪಕರಣಗಳು ನಡೆಯಲೇಬೇಕು, ಎಷ್ಟು ಹೊತ್ತು ನಡೆಯಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳದಿದ್ದರೆ ಆ ಪ್ರಶ್ನೆಗೆ ಯಾರು ಕೊಟ್ಟ ಉತ್ತರವೂ ಊಹೆಯೇ ಆಗಿರುತ್ತದೆ.

ಉದಾಹರಣೆಗೆ, ತಲಾ 9 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪಗಳು, ತಲಾ 70 ವ್ಯಾಟ್‌ನ ಎರಡು ಫ್ಯಾನ್‌ಗಳು, 80 ವ್ಯಾಟ್‌ನ ಟಿವಿ, 65 ವ್ಯಾಟ್‌ನ ಲ್ಯಾಪ್‌ಟಾಪ್ ಮತ್ತು 12 ವ್ಯಾಟ್‌ನ ರೌಟರ್ ಎಲ್ಲವೂ ಒಟ್ಟಿಗೆ ನಡೆದರೆ ಬೇಕಾಗುವುದು 333 ವ್ಯಾಟ್. ಇನ್ವರ್ಟರಿನ ಮೇಲೆ ನಮೂದಾಗಿರುವ ವಿಎ ಸಂಖ್ಯೆ ಅದು ಕೊಡಬಲ್ಲ ವ್ಯಾಟ್‌ಗೆ ಸಮನಲ್ಲ. ಪವರ್ ಫ್ಯಾಕ್ಟರ್ (ವಿಎಯಲ್ಲಿ ವ್ಯಾಟ್ ಆಗಿ ಸಿಗುವ ಪಾಲು) 0.8 ಇರುವ ಯಂತ್ರದಲ್ಲಿ 1000 ವಿಎ ಎಂದರೆ 800 ವ್ಯಾಟ್ ಮಾತ್ರ. ಆದ್ದರಿಂದ 333 ಅನ್ನು 0.8ರಿಂದ ಭಾಗಿಸಿದಾಗ ಬರುವ 416 ವಿಎಗೆ ಕಾಲು ಭಾಗದಷ್ಟು ಹೆಚ್ಚುವರಿ ಸೇರಿಸಿಕೊಂಡರೆ, ಈ ಮನೆಗೆ 600 ವಿಎ ಆಸುಪಾಸಿನ ಇನ್ವರ್ಟರ್ ಸಾಕಾಗುತ್ತದೆ.

ಪಟ್ಟಿಗೆ ಫ್ರಿಜ್ ಸೇರಿದರೆ ಲೆಕ್ಕ ಬದಲಾಗುತ್ತದೆ. ಚಾಲನೆಯಲ್ಲಿರುವಾಗ 150 ವ್ಯಾಟ್ ಎಳೆಯುವ ಫ್ರಿಜ್‌ನ ಕಂಪ್ರೆಸರ್, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ವಿದ್ಯುತ್ ಬಯಸುತ್ತದೆ. ಐದು ಪಟ್ಟು ಎಂದುಕೊಂಡರೂ ಆ ಕ್ಷಣಕ್ಕೆ 750 ವ್ಯಾಟ್ ಬೇಕು. ಉಳಿದ ಹೊರೆಯೂ ಸೇರಿದರೆ 1083 ವ್ಯಾಟ್ ಆಗುತ್ತದೆ. ನೀರಿನ ಪಂಪು, ಮಿಕ್ಸಿ ಮುಂತಾದ ಮೋಟಾರಿನ ಉಪಕರಣಗಳ ಸ್ವಭಾವವೂ ಇದೇ. ಇದನ್ನು ಗಮನಿಸದೆ ಕೊಂಡ ಯಂತ್ರ ದೀಪ, ಫ್ಯಾನುಗಳನ್ನು ಸರಾಗವಾಗಿ ನಡೆಸಿದರೂ ಕಂಪ್ರೆಸರ್ ಎದ್ದೊಡನೆ ಓವರ್‌ಲೋಡ್ ಎಂದು ನಿಂತುಬಿಡಬಹುದು. ಆದುದರಿಂದ ಯಂತ್ರದ ವಿವರಪತ್ರದಲ್ಲಿ ನಿರಂತರ ಸಾಮರ್ಥ್ಯ ಮತ್ತು ಕೆಲವೇ ಸೆಕೆಂಡುಗಳ ಸರ್ಜ್ ಸಾಮರ್ಥ್ಯ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಇಸ್ತ್ರಿ ಪೆಟ್ಟಿಗೆ, ಗೀಸರ್, ವಿದ್ಯುತ್ ಒಲೆಗಳನ್ನಂತೂ ಪಟ್ಟಿಯಿಂದ ಕೈಬಿಡುವುದೇ ವಿವೇಕ. ಬ್ಯಾಟರಿಯಲ್ಲಿ ಕೂಡಿಟ್ಟ ವಿದ್ಯುತ್ತನ್ನು ಶಾಖಕ್ಕಾಗಿ ಖರ್ಚು ಮಾಡಿದರೆ ಅದು ನೋಡುನೋಡುತ್ತಿದ್ದಂತೆ ಬರಿದಾಗುತ್ತದೆ.

ಮುಂದಿನ ಪ್ರಶ್ನೆ ಹೊರಬರುವ ವಿದ್ಯುತ್ತಿನ ಅಲೆಯ ಸ್ವರೂಪದ್ದು. ಸ್ಕ್ವೇರ್ ವೇವ್ ಮತ್ತು ಮಾಡಿಫೈಡ್ ಸೈನ್ ವೇವ್ ಯಂತ್ರಗಳ ಬೆಲೆ ಕಡಿಮೆ, ಆದರೆ ಅವುಗಳಿಂದ ಹೊರಡುವ ಒರಟಾದ ಅಲೆಯಿಂದ ಫ್ಯಾನುಗಳು ಗುಂಯ್‌ಗುಡುತ್ತವೆ, ಮೋಟಾರುಗಳು ಹೆಚ್ಚು ಬಿಸಿಯಾಗುತ್ತವೆ, ಕೆಲವು ಸೂಕ್ಷ್ಮ ಉಪಕರಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ಯೂರ್ ಸೈನ್ ವೇವ್ ಯಂತ್ರದ ವಿದ್ಯುತ್ತು ಲೈನಿನ ವಿದ್ಯುತ್ತನ್ನೇ ಹೋಲುತ್ತದೆ. ಫ್ಯಾನ್, ಫ್ರಿಜ್, ಕಂಪ್ಯೂಟರ್ ಅಥವಾ ವೈದ್ಯಕೀಯ ಉಪಕರಣ ಇವುಗಳಲ್ಲಿ ಯಾವುದೊಂದು ಇದ್ದರೂ ಪ್ಯೂರ್ ಸೈನ್ ವೇವ್ ಬಿಟ್ಟು ಬೇರೆಯದನ್ನು ಆರಿಸಬಾರದೆಂಬುದು ನನ್ನ ದೃಢವಾದ ಸಲಹೆ. ಕಂಪ್ಯೂಟರ್ ಇರುವವರು ಇನ್ನೊಂದು ಅಂಶವನ್ನೂ ನೋಡಬೇಕು: ಲೈನಿನಿಂದ ಬ್ಯಾಟರಿಗೆ ಬದಲಾಗಲು ಯಂತ್ರ ತೆಗೆದುಕೊಳ್ಳುವ ಸಮಯ ಹೆಚ್ಚಾದರೆ ಕಂಪ್ಯೂಟರ್ ಮರುಚಾಲನೆಗೊಳ್ಳುತ್ತದೆ. ಯುಪಿಎಸ್ ಮೋಡ್ ಇರುವ ಇನ್ವರ್ಟರಿನಲ್ಲಿ ಈ ಅಂತರ ಮಿಲಿಸೆಕೆಂಡುಗಳಷ್ಟೇ.

ಎಷ್ಟು ಹೊರೆ ಹೊರಬಹುದು ಎಂಬುದನ್ನು ಇನ್ವರ್ಟರ್ ನಿರ್ಧರಿಸಿದರೆ, ಎಷ್ಟು ಹೊತ್ತು ಹೊರಬಹುದು ಎಂಬುದನ್ನು ನಿರ್ಧರಿಸುವುದು ಬ್ಯಾಟರಿ. ಮೇಲಿನ 333 ವ್ಯಾಟ್ ಹೊರೆ ನಾಲ್ಕು ಗಂಟೆ ನಡೆಯಬೇಕಾದರೆ 1332 ವ್ಯಾಟ್-ಅವರ್ ಬೇಕು. ಇನ್ವರ್ಟರಿನ ದಕ್ಷತೆ ಶೇ. 85 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಸುಮಾರು 1570 ವ್ಯಾಟ್-ಅವರ್ ಹೊರಬರಬೇಕು. ಲೆಡ್-ಆಸಿಡ್ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಪ್ರತಿ ಬಾರಿ ಅದರ ಅರ್ಧದಷ್ಟನ್ನು ಮಾತ್ರ ಬಳಸುವುದು ಒಳ್ಳೆಯದು. ಆ ಲೆಕ್ಕದಲ್ಲಿ 12 ವೋಲ್ಟ್‌ನಲ್ಲಿ ಸುಮಾರು 260 ಆಂಪಿಯರ್-ಅವರ್ (ಬ್ಯಾಟರಿಯ ಸಾಮರ್ಥ್ಯದ ಅಳತೆ), ಅಂದರೆ 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿಗಳು ಬೇಕಾಗುತ್ತವೆ. ಬ್ಯಾಟರಿಯ ಮೇಲೆ ಬರೆದಿರುವ ಸಾಮರ್ಥ್ಯ 10 ಅಥವಾ 20 ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವಂಥದ್ದು. ಬೇಗ ಖಾಲಿ ಮಾಡಿದರೆ ಅಷ್ಟೂ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು.

ಲೆಡ್-ಆಸಿಡ್‌ನಲ್ಲಿಯೇ ಆರಿಸುವುದಾದರೆ, ಪದೇಪದೇ ದೀರ್ಘ ಕಡಿತವಾಗುವ ಕಡೆ ಫ್ಲಾಟ್ ಪ್ಲೇಟ್‌ಗಿಂತ ಟ್ಯೂಬ್ಯುಲರ್ (ಕೊಳವೆಯಾಕಾರದ ಫಲಕಗಳ) ಬ್ಯಾಟರಿ ಹೆಚ್ಚು ಬಾಳುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಶೇ. 80ರಷ್ಟನ್ನು ನಿರಾತಂಕವಾಗಿ ಬಳಸಬಹುದು, ನೀರು ತುಂಬುವ ಕೆಲಸವೂ ಇರುವುದಿಲ್ಲ; ಆದರೆ ಅದರ ಚಾರ್ಜಿಂಗ್ ಕ್ರಮವೇ ಬೇರೆಯಾದ್ದರಿಂದ ಇನ್ವರ್ಟರಿನಲ್ಲಿ ಅದಕ್ಕೆಂದೇ ವ್ಯವಸ್ಥೆ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ದೊಡ್ಡ ಹೊರೆಗೆ 12 ವೋಲ್ಟ್ ವ್ಯವಸ್ಥೆ ಸೂಕ್ತವಲ್ಲ. 1000 ವ್ಯಾಟ್‌ಗೆ 12 ವೋಲ್ಟ್‌ನಲ್ಲಿ 83 ಆಂಪಿಯರ್‌ಗಿಂತ ಹೆಚ್ಚು ಕರೆಂಟು ಹರಿಯಬೇಕು. 24 ವೋಲ್ಟ್‌ನಲ್ಲಿ ಅದು ಅರ್ಧಕ್ಕಿಳಿಯುತ್ತದೆ, ಅದೇ ಕೇಬಲ್‌ನಲ್ಲಿ ಶಾಖವಾಗಿ ನಷ್ಟವಾಗುವ ವಿದ್ಯುತ್ತು ಕಾಲು ಭಾಗಕ್ಕಿಳಿಯುತ್ತದೆ.

ಸೌರಫಲಕ ಜೋಡಿಸುವ ಯೋಚನೆ ಇರುವವರು ಗ್ರಿಡ್-ಟೈ (ಲೈನಿಗೆ ಜೋಡಿಸಿಕೊಂಡೇ ನಡೆಯುವ) ಮತ್ತು ಹೈಬ್ರಿಡ್ (ಲೈನು, ಬ್ಯಾಟರಿ ಎರಡರೊಂದಿಗೂ ನಡೆಯುವ) ಇನ್ವರ್ಟರ್‌ಗಳ ವ್ಯತ್ಯಾಸವನ್ನು ಚೆನ್ನಾಗಿ ಅರಿತಿರಬೇಕು. ಬ್ಯಾಟರಿಯಿಲ್ಲದ ಸಾಮಾನ್ಯ ಗ್ರಿಡ್-ಟೈ ಇನ್ವರ್ಟರ್, ಲೈನಿನ ಮೇಲೆ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಲೈನಿನಲ್ಲಿ ವಿದ್ಯುತ್ ಹೋದೊಡನೆ ತಾನೂ ನಿಲ್ಲುತ್ತದೆ. ಹೊರಗೆ ಉರಿಬಿಸಿಲಿದ್ದರೂ ಮನೆಯೊಳಗೆ ಕತ್ತಲೆಯೇ. ಕಡಿತದ ವೇಳೆಗೂ ಬೇಕೆಂದರೆ ಬ್ಯಾಟರಿ ಸಹಿತವಾದ ಹೈಬ್ರಿಡ್ ಅಥವಾ ಆಫ್-ಗ್ರಿಡ್ (ಲೈನಿನ ಹಂಗಿಲ್ಲದೆ ನಡೆಯುವ) ಯಂತ್ರವನ್ನೇ ಕೊಳ್ಳಬೇಕು.

ನೀರು ತುಂಬಿಸುವ ಬಗೆಯ ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಸುಲಭವಾಗಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುವುದರಿಂದ, ಅದನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿ ಕಿಡಿಗಳಿಂದ ದೂರ ಇಡಬೇಕು. ವೈರಿಂಗ್ ಮಾಡಿಸುವಾಗ, ಪಟ್ಟಿಯಲ್ಲಿರುವ ದೀಪ, ಫ್ಯಾನು, ಸಾಕೆಟ್‌ಗಳಿಗೆ ಮಾತ್ರ ಇನ್ವರ್ಟರಿನ ಪ್ರತ್ಯೇಕ ಲೈನ್ ಎಳೆಯುವಂತೆ ಅನುಭವಿ ಎಲೆಕ್ಟ್ರಿಷಿಯನ್‌ಗೆ ಮೊದಲೇ ತಿಳಿಸಿ, ಗೀಸರ್‌ನಂತಹ ಭಾರೀ ಹೊರೆಯ ಸಾಕೆಟ್‌ಗಳು ಆ ಲೈನಿಗೆ ಸೇರಿಲ್ಲವೆಂಬುದನ್ನು ಮುಖ್ಯ ಸ್ವಿಚ್ ಆಫ್ ಮಾಡಿ ಒಂದೊಂದಾಗಿ ಪರೀಕ್ಷಿಸಿ ನೋಡಿ.