ಅಮಾನಿಕೆರೆಯ ಅಂಬರಗುಬ್ಬಿಗಳ ರೆಕ್ಕೆಯನ್ನು ಓದಲು ಕಲಿತದ್ದು

ತುಮಕೂರಿನ ಅಮಾನಿಕೆರೆಯ ಮೇಲೆ ಚಳಿಗಾಲದ ಬೆಳಗುಗಳಲ್ಲಿ ಹಾರಾಡುವ ಅಂಬರಗುಬ್ಬಿಗಳನ್ನು (ಸ್ವಾಲೋ ಹಕ್ಕಿಗಳನ್ನು) ನಾನು ಮೊದಲೆರಡು ವರ್ಷ ಬಾಲ ನೋಡಿಯೇ ಗುರುತಿಸುತ್ತಿದ್ದೆ. ಆದರೆ ತಂತಿಬಾಲದ ಅಂಬರಗುಬ್ಬಿಯ ಬಾಲದ ಎಳೆಗಳು ಮುರಿದಿರುವುದುಂಟು, ಎಳೆಯ ಹಕ್ಕಿಗಳಲ್ಲಿ ಅವು ಇನ್ನೂ ಬೆಳೆದಿರುವುದಿಲ್ಲ; ಹೀಗಾಗಿ ನನ್ನ ಟಿಪ್ಪಣಿಯಲ್ಲಿ ತಪ್ಪುಗಳು ಸೇರಿಕೊಂಡವು. ಆಮೇಲೆ ರೆಕ್ಕೆಯನ್ನೂ ಗಮನಿಸತೊಡಗಿದೆ.

ಸೂರ್ಯನಿಗೆ ಬೆನ್ನು ಮಾಡಿ ನಿಂತು, ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 2000ನೇ ಒಂದು ಭಾಗಕ್ಕಿಟ್ಟು, ಹಕ್ಕಿ ತಿರುವು ತೆಗೆದುಕೊಳ್ಳಲು ರೆಕ್ಕೆ ಬಿಚ್ಚುವ ಕ್ಷಣಕ್ಕೆ ಕಾಯುತ್ತೇನೆ. ಮನೆಗೆ ಬಂದು ಚಿತ್ರವನ್ನು ಹಿಗ್ಗಿಸಿ, ರೆಕ್ಕೆಯ ತುದಿಯಿಂದ ಒಳಕ್ಕೆ ಗರಿಗಳನ್ನು ಎಣಿಸುತ್ತೇನೆ. ಒಳಗಿನಿಂದ ಎಣಿಸಿದರೆ ತೋಳಿನ ಗಿಡ್ಡ ಗರಿಗಳೊಂದಿಗೆ ಲೆಕ್ಕ ಕಲಸಿಹೋಗುತ್ತದೆ. ಕಣ್ಣಿಗೆ ಕಾಣುವ ಉದ್ದದ ಹಾರುಗರಿಗಳು 9. ಹತ್ತನೆಯದು ಹೆಸರಿಗಷ್ಟೇ ಉಳಿದ ಚಿಕ್ಕ ಗರಿ.

ಒಮ್ಮೆ ಕೆರೆಯಂಚಿನ ಕೆಸರಿನಲ್ಲಿ ಇಂಥ ಒಂದು ಉದ್ದದ ಹಾರುಗರಿ ಬಿದ್ದಿತ್ತು. ಅರ್ಧ ಗೇಣಿನಷ್ಟು ಉದ್ದ, ಒಂದು ಅಂಚು ದಂಟಿಗೆ ಅಂಟಿಕೊಂಡಂತೆ ಕಿರಿದು, ಇನ್ನೊಂದು ಅಗಲ. ಕಿರಿದಾದ ಅಂಚಿನ ಮೇಲೆ ಬೆರಳಾಡಿಸಿದೆ, ನುಣುಪಾಗಿತ್ತು. ಅಮೆರಿಕದಲ್ಲಿ ಒಂದು ಜಾತಿಯ ಗಂಡು ಅಂಬರಗುಬ್ಬಿಗೆ ಇದೇ ಜಾಗದಲ್ಲಿ ಕೊಕ್ಕೆಯಂಥ ಹಲ್ಲುಗಳಿರುತ್ತವೆ, ಆ ಹಕ್ಕಿಗೆ ಪಕ್ಷಿತಜ್ಞ ಆಡುಬಾನ್ 1838ರಲ್ಲಿ ಗರಗಸದ ಗರಿ ಎಂಬರ್ಥದ ಹೆಸರಿಟ್ಟರು. ಆಫ್ರಿಕದ ಕೆಲವು ಅಂಬರಗುಬ್ಬಿಗಳಲ್ಲೂ ಈ ಹಲ್ಲುಗಳಿವೆ. ಗರಿಯ ಚಿತ್ರ ಬರೆದುಕೊಂಡು ಅದನ್ನು ಅಲ್ಲಿಯೇ ಬಿಟ್ಟೆ.

ನನಗೆ ಅತ್ಯಂತ ಪ್ರಿಯವಾದ ನೋಟವೆಂದರೆ ರೆಕ್ಕೆಯ ನಡುವಿನ ಖಾಲಿ ಜಾಗ. ಉತ್ತರದಿಂದ ವಲಸೆ ಬರುವ ಅಂಬರಗುಬ್ಬಿ ಗೂಡು ಕಟ್ಟುವ ನಾಡಿನಲ್ಲಿ ಹಾರುಗರಿಗಳನ್ನು ಬದಲಿಸುವುದಿಲ್ಲ. ಆ ಕೆಲಸವನ್ನು ನಮ್ಮಂಥ ಬೆಚ್ಚಗಿನ ಸೀಮೆಗೆ ಬಂದು ತಿಂಗಳುಗಟ್ಟಲೆ ನಿಧಾನವಾಗಿ ಮುಗಿಸುತ್ತದೆ. ಗಾಳಿಯಲ್ಲಿಯೇ ಹುಳು ಹಿಡಿದು ಬದುಕಬೇಕಾದ ಹಕ್ಕಿ ಒಟ್ಟಿಗೆ ಹಲವು ಗರಿ ಕಳೆದುಕೊಳ್ಳಲಾರದು. ಆದ್ದರಿಂದ ಮಣಿಕಟ್ಟಿನ ಬಳಿಯ ಒಳಗರಿಯಿಂದ ಆರಂಭಿಸಿ, ಎರಡೂ ರೆಕ್ಕೆಗಳಲ್ಲಿ ಸರಿಸಮನಾಗಿ, ಕ್ರಮವಾಗಿ ತುದಿಯತ್ತ ಉದುರಿಸುತ್ತಾ ಹೋಗುತ್ತದೆ. ಒಂದೇ ರೆಕ್ಕೆಯಲ್ಲಿ ಮಾತ್ರ ಖಾಲಿ ಕಂಡರೆ ಅದು ಎಲ್ಲಿಯೋ ಸಿಕ್ಕಿ ಕಿತ್ತುಹೋದ ಗರಿಯೆಂದು ಬೇರೆಯಾಗಿ ಬರೆದಿಡುತ್ತೇನೆ. ಹಳೆಯ ಗರಿ ಬಿಸಿಲಿಗೆ ಕಂದಾಗಿ ಅಂಚು ಸವೆದಿರುತ್ತದೆ, ಹೊಸದು ಕಡುಗಪ್ಪಾಗಿ ಹೊಳೆಯುತ್ತದೆ.

ಕಳೆದ ಮಾರ್ಚ್ ತಿಂಗಳಲ್ಲಿ ತೆಗೆದ ಒಂದು ಚಿತ್ರದಲ್ಲಿ ಎಂಟು ಗರಿಗಳು ಹೊಳೆಯುತ್ತಿದ್ದವು, ತುದಿಯ ಒಂಬತ್ತನೆಯದು ಅರ್ಧ ಬೆಳೆದಿತ್ತು. ಎರಡು ವಾರದ ನಂತರ ಕೆರೆಯ ಮೇಲೆ ಒಂದು ವಲಸೆ ಹಕ್ಕಿಯೂ ಇರಲಿಲ್ಲ.