ದಪ್ಪ ಹೊದಿಕೆ ಒಣಗಿಸುವುದಕ್ಕೂ ಒಂದು ಕ್ರಮವಿದೆ

ಕಳೆದ ಆಷಾಢದಲ್ಲಿ ಮೊಮ್ಮಗಳ ಬಾಡಿಗೆ ಮನೆಗೆ ಹೋಗಿದ್ದೆ. ಒಗೆದ ಜಮಖಾನವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿಗೆ ಹೇರಿ, ಇರಚಲು ಬೀಳುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಮೂರು ದಿನವಾದರೂ ಒಣಗಲಿಲ್ಲವೆಂದು ಅವಳು ಮುಖ ಊದಿಸಿಕೊಂಡು ಕುಳಿತಿದ್ದಳು. ಒಣಗುವುದಾದರೂ ಹೇಗೆ? ಬಟ್ಟೆಯಿಂದ ಎದ್ದ ತೇವ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಆ ಕೋಣೆಯಲ್ಲೇ ಸುತ್ತಾಡಿ, ಬಟ್ಟೆಗೆ ಮುಗ್ಗಲು ವಾಸನೆ ಹಿಡಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ಆಗುಂಬೆಯ ಸೀಮೆಯಲ್ಲಿ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆ ಊರಿನಲ್ಲಿ ಆರಿದ್ರೆಯಿಂದ ಆಶ್ಲೇಷೆಯವರೆಗೆ ಬಿಸಿಲನ್ನು ನಂಬಿ ಯಾರೂ ಬಟ್ಟೆ ಒಗೆಯುತ್ತಿರಲಿಲ್ಲ. ಆದರೂ ಹಾಸಿಗೆಯ ಬಟ್ಟೆಗಳು ಒಣಗುತ್ತಿದ್ದವು. ಏಕೆಂದರೆ ಹಗ್ಗಕ್ಕೆ ಹಾಕುವ ಮೊದಲೇ ಮುಕ್ಕಾಲು ಕೆಲಸ ಮುಗಿದಿರುತ್ತಿತ್ತು.

ದಪ್ಪ ಹೊದಿಕೆಯನ್ನು ಒಬ್ಬರೇ ಕೈಯಲ್ಲಿ ಹಿಂಡಿದರೆ ರಟ್ಟೆ ನೋಯುತ್ತದೆಯೇ ಹೊರತು ನೀರು ಇಳಿಯುವುದಿಲ್ಲ. ಗಟ್ಟಿಯಾದ ಕಂಬಕ್ಕೆ ಬಳಸಿ, ಎರಡು ತುದಿಗಳನ್ನೂ ಸೇರಿಸಿ ಹಿಡಿದು ತಿರುಚಬೇಕು. ನಲ್ಲಿಗೆ ಸುತ್ತಿ ಎಳೆದು ಅದನ್ನೇ ಕಿತ್ತುಕೊಂಡವರನ್ನೂ ನಾನು ಕಂಡಿದ್ದೇನೆ. ಉಣ್ಣೆಯ ಕಂಬಳಿಯನ್ನು ಮಾತ್ರ ತಿರುಚಲೇಬಾರದು, ಅದರ ಆಕಾರವೇ ಕೆಡುತ್ತದೆ. ಇಳಿಜಾರು ಕಲ್ಲಿನ ಮೇಲೆ ಹರವಿ ನೀರು ಬಸಿಯಲು ಬಿಡಬೇಕು.

ಇನ್ನು ನಮ್ಮ ಅಜ್ಜಿಯ ಉಪಾಯ. ಹತ್ತಾರು ವರ್ಷ ಉಟ್ಟು ಮೆತ್ತಗಾದ ಹತ್ತಿ ಸೀರೆಯೊಂದು ಬೇಕು. ಗಂಜಿ ಹೋಗದ ಹೊಸ ಸೀರೆ ನೀರನ್ನು ಹೀರುವುದಿಲ್ಲ, ಅದನ್ನು ತರಬೇಡಿ. ಚಾಪೆಯ ಮೇಲೆ ಸೀರೆಯನ್ನು ಎರಡು ಪದರವಾಗಿ ಹಾಸಿ, ಹಿಂಡಿದ ಹೊದಿಕೆಯನ್ನು ಸುಕ್ಕಿಲ್ಲದಂತೆ ಅದರ ಮೇಲೆ ಹರಡಿ, ಎರಡನ್ನೂ ಒಟ್ಟಿಗೆ ಬಿಗಿಯಾಗಿ ಸುರುಳಿ ಸುತ್ತಬೇಕು. ಅನಂತರ ಕಾಲು ತೊಳೆದುಕೊಂಡು, ಗೋಡೆ ಹಿಡಿದು, ಸುರುಳಿಯ ನಡುವಿನಿಂದ ತುದಿಯ ಕಡೆಗೆ ಹಿಮ್ಮಡಿಯನ್ನು ಊರುತ್ತ ನಿಧಾನವಾಗಿ ತುಳಿಯಬೇಕು, ಕುಣಿಯುವುದಲ್ಲ, ಒತ್ತುವುದು. ಸೀರೆ ಭಾರವಾಯಿತೆಂದು ಅನ್ನಿಸಿದಾಗ ಬಿಡಿಸಿ, ಒಣಗಿದ ಹಳೆಯ ಪಂಚೆಯೊಂದರಲ್ಲಿ ಇನ್ನೊಮ್ಮೆ ಸುತ್ತಿ ತುಳಿಯಬೇಕು. ತುಳಿಯುವ ಕೆಲಸ ಮಕ್ಕಳಾದ ನಮ್ಮದು, ಅದಕ್ಕೆ ಕೂಲಿ ಸುಟ್ಟ ಹಲಸಿನ ಹಪ್ಪಳ. ಒಂದು ಸುರುಳಿಗೆ ಒಂದೇ ಹಪ್ಪಳವೆಂಬ ಕಟ್ಟುನಿಟ್ಟಿದ್ದುದರಿಂದ ಕಂಬಳಿಯನ್ನೂ ಸುತ್ತಿ ತಂದು ಬೈಸಿಕೊಂಡಿದ್ದೇನೆ.

ಹರವುವಾಗ ಒಂದೇ ಹಗ್ಗದ ಮೇಲೆ ಮಡಿಸಿ ಹಾಕಬೇಡಿ. ಮೊಳದಷ್ಟು ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಅವೆರಡರ ಮೇಲೂ ಹೊದಿಕೆಯನ್ನು ಹಾಯಿಸಿದರೆ ಎರಡು ಮೈಗಳ ನಡುವೆ ಗಾಳಿ ಆಡುತ್ತದೆ. ತಂತಿಯಾದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ತುಕ್ಕಿನ ಗೆರೆ ಜನ್ಮಕ್ಕೂ ಹೋಗುವುದಿಲ್ಲ. ಒಂದು ಮೂಲೆಯನ್ನು ತುಸು ಇಳಿಬಿಟ್ಟರೆ ಉಳಿದ ನೀರೆಲ್ಲ ಅಲ್ಲಿಗೆ ಇಳಿಯುತ್ತದೆ. ಬಂದು ಹೋಗುವಾಗಲೆಲ್ಲ ಆ ಮೂಲೆಯನ್ನು ಹಿಂಡಿರಿ. ತೊಟ್ಟಿಕ್ಕಿದ ನೀರಿನಲ್ಲೇ ಜಗಲಿ ಒರೆಸಿಬಿಡಬಹುದು, ಆದರೆ ಈಗಿನವರು ಉದ್ದ ಕೋಲು ಹಿಡಿದು ನಿಂತೇ ಒರೆಸುವುದರಿಂದ ಮೂಲೆಯ ಧೂಳು ಮೂಲೆಯಲ್ಲೇ ಉಳಿಯುತ್ತದೆ, ಆ ಮಾತು ಬೇರೆ. ಮಳೆಯ ಇರಚಲಿಲ್ಲದ ದಿಕ್ಕಿನ ಕಿಟಕಿಯನ್ನು ತೆರೆದಿಡಿ, ಫ್ಯಾನಿದ್ದರೆ ಹಾಕಿ. ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುವುದಾದರೆ ಬೆಂಕಿಯಿಂದ ಆಳೆತ್ತರ ದೂರವಿರಲಿ.

ಮುಟ್ಟಿ ನೋಡಿ ಒಣಗಿತೆಂದು ಮಡಿಸಿಡುವ ಆತುರವೂ ಬೇಡ. ತಣ್ಣಗಿನ ಕೈಗೆ ಎಲ್ಲವೂ ಒಣಗಿದಂತೆಯೇ ತೋರುತ್ತದೆ. ಹೊಲಿಗೆ ಹಾಕಿದ ಅಂಚು ಕಟ್ಟಕಡೆಗೆ ಒಣಗುವುದರಿಂದ ಅದನ್ನೇ ಕೆನ್ನೆಗೆ ಒತ್ತಿ ನೋಡಿ. ತಂಪೆನಿಸಿದರೆ ಇನ್ನೊಂದು ರಾತ್ರಿ ಹಗ್ಗದ ಮೇಲೆಯೇ ಇರಲಿ.