ಹಿತ್ಲ ಕೋಳಿಗೂಡಿಗೆ ಕ್ಯಾಮೆರಾ ಹಾಕಿದ್ದು: ನನ್ನ ಅನುಭವ

ಅಂಕೋಲಾ ಹತ್ರ ನಮ್ಮನೆ ಹಿತ್ಲಲ್ಲಿ ಆಯಿ ಊರ ಕೋಳಿ ಸಾಕಿದ್ದಾಳೆ, ನಾನು ಹುಬ್ಳಿಲಿ ಕೆಲ್ಸದಲ್ಲಿರೋನು. ಕಾವಿಗೆ ಇಟ್ಟ ಮೊಟ್ಟೆನೇ ಒಂದೊಂದಾಗಿ ಮಾಯ ಆಗೋಕೆ ಶುರುವಾಯ್ತು. ಫೋನ್ ಮಾಡಿದಾಗೆಲ್ಲ "ಮುಂಗ್ಸಿನೇ ತಮಾ, ಮತ್ತೆಂತದೂ ಅಲ್ಲ" ಅಂತಿದ್ಲು. ನಂಗ್ಯಾಕೋ ಡೌಟು, ಯಾಕಂದ್ರೆ ಮುಂಗುಸಿ ಹಗಲು ಓಡಾಡೋ ಪ್ರಾಣಿ, ಮೊಟ್ಟೆ ಒಡೆದು ತಿನ್ನತ್ತೆ, ಚಿಪ್ಪು ಬಿದ್ದಿರ್ಬೇಕು. ಇಲ್ಲಿ ರಾತ್ರಿ ಬೆಳಗಾಗೋದ್ರೊಳಗೆ ಹೋಗ್ತಿತ್ತು, ಚಿಪ್ಪಿನ ಚೂರೂ ಇಲ್ಲ.

ಕ್ಯಾಮೆರಾ ಕೊಳ್ಳೋಕೆ ಹೋದ್ರೆ ಎಲ್ರೂ ತೋರಿಸೋದು ಬ್ಯಾಟರಿದು, ವೈರೇ ಬೇಡ ಸರ್ ಅಂತ. ಆದ್ರೆ ಅಂಥವು ಬಹಳಷ್ಟು ಬ್ಯಾಟರಿ ಉಳಿಸೋಕೆ ನಿದ್ದೆ ಮಾಡ್ತಿರ್ತವೆ, ಮೈ ಬಿಸಿ ಇರೋ ಪ್ರಾಣಿ ಎದುರಿಗೆ ಬಂದ್ರೆ ಅದರ ಪಿಐಆರ್ ಸೆನ್ಸರ್ ಎಬ್ಬಿಸತ್ತೆ. ನಾಯಿ, ಬೆಕ್ಕು, ಮನುಷ್ಯರಿಗೆ ಸರಿ. ಹಾವಿನ ಮೈ ಸುತ್ತಲಿನ ಗಾಳಿ ನೆಲ ಎಷ್ಟು ಬಿಸಿ ಇದೆಯೋ ಹೆಚ್ಚುಕಮ್ಮಿ ಅಷ್ಟೇ, ಅದು ಮುಂದೆ ಹಾದು ಹೋದ್ರೂ ಸೆನ್ಸರ್‌ಗೆ ಗೊತ್ತೇ ಆಗಲ್ಲ. ನನ್ನ ಅನುಮಾನ ಹಾವಿನ ಮೇಲೇ ಇದ್ದಿದ್ರಿಂದ ಕರೆಂಟಲ್ಲಿ ನಡೆಯೋ, ಇಡೀ ರಾತ್ರಿ ರೆಕಾರ್ಡ್ ಮಾಡೋ 2 ಮೆಗಾಪಿಕ್ಸೆಲ್ ವೈಫೈ ಕ್ಯಾಮೆರಾ ತಗೊಂಡೆ. ಲೆಕ್ಕ ಸುಲಭ, ಸೆಕೆಂಡಿಗೆ 1 ಮೆಗಾಬಿಟ್ (1 ಎಂಬಿಪಿಎಸ್) ವಿಡಿಯೋ ಬರೆಯೋ ಹಾಗೆ ಸೆಟ್ ಮಾಡಿದ್ರೆ ದಿನಕ್ಕೆ ಸುಮಾರು 11 ಜಿಬಿ, 128 ಜಿಬಿ ಕಾರ್ಡಲ್ಲಿ ಹತ್ತಿರ ಹತ್ತಿರ 11 ದಿನದ್ದು ಉಳಿಯತ್ತೆ, ಆಮೇಲೆ ಹಳೇದರ ಮೇಲೆ ತಾನೇ ಬರ್ಕೊಂಡು ಹೋಗತ್ತೆ. ಕೋಳಿಗೂಡಿಗೆ ಕ್ಲೌಡ್ ಪ್ಲಾನಿಗೆ ತಿಂಗಳು ತಿಂಗಳು ದುಡ್ಡು ಕಟ್ಟೋದೆಲ್ಲ ದಂಡ ಅನ್ನೋದು ನನ್ನ ಲೆಕ್ಕ.

ಆಮೇಲೆ ಸಿಗ್ನಲ್. ನಮ್ಮದು ಚಿರೆಕಲ್ಲಿನ ದಪ್ಪ ಗೋಡೆ, ಜಗಲಿಯಲ್ಲಿರೋ ರೌಟರ್ ಸಿಗ್ನಲ್ ಅಡಿಗೆಮನೆ ದಾಟೋದ್ರೊಳಗೇ ಸಾಯತ್ತೆ. ಮನೇಲಿದ್ದ ಹಳೇ ರೌಟರನ್ನ ಆಕ್ಸೆಸ್ ಪಾಯಿಂಟ್ (ಅದೇ ಇಂಟರ್‌ನೆಟ್ಟನ್ನ ಇನ್ನೊಂದು ಕಡೆಯಿಂದ ವೈಫೈ ಆಗಿ ಹಂಚೋದು) ಮಾಡಿ ಅಡಿಗೆಮನೆ ಹಿಂದಿನ ಕಿಟಕಿ ಹತ್ರ ಇಟ್ಟೆ, ಎರಡಕ್ಕೂ ನಡುವೆ ಒಳಗಿಂದಾನೇ ಲ್ಯಾನ್ ಕೇಬಲ್. ಕ್ಯಾಮೆರಾ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದು, ಹಾಗಾಗಿ ಎರಡೂ ಕಲಸಿಹೋಗದ ಹಾಗೆ 5 ಗಿಗಾಹರ್ಟ್ಸ್ ವೈಫೈಗೆ ಬೇರೆ ಹೆಸರು ಕೊಟ್ಟೆ. ಗೂಡಿನ ತನಕ ಲ್ಯಾನ್ ಎಳೆದ್ರೆ ಇನ್ನೂ ಗಟ್ಟಿ ಕನೆಕ್ಷನ್ನು, ಆದ್ರೆ ನಮ್ ಕಡೆ ಮಳೆಗಾಲಕ್ಕೆ ಮುಂಚೆ ಮತ್ತೆ ಮುಗಿಯೋ ಹೊತ್ತಿಗೆ ಬರೋ ಸಿಡಿಲು ನೆನೆಸ್ಕೊಂಡು ಇನ್ನೊಂದು ತಾಮ್ರದ ವೈರು ಹೊರಗೆ ಬೇಡ ಅಂದ್ಕೊಂಡೆ, ಹೋಗಿರೋದು 12 ವೋಲ್ಟಿನ ಪವರ್ ವೈರೊಂದೇ, ಗುಡುಗು ಕೇಳಿದ ಕೂಡ್ಲೆ ಆಯಿ ಅದನ್ನೂ ಕಿತ್ತಿಡ್ತಾಳೆ. ಕರೆಂಟ್ ಹೋಗೋದು ಇದ್ದಿದ್ದೇ, ರೌಟರಿಗೊಂದು ಕ್ಯಾಮೆರಾಕ್ಕೊಂದು ಸಣ್ಣ ಯುಪಿಎಸ್ ಇದೆ.

ಜಾಸ್ತಿ ತಲೆ ತಿಂದಿದ್ದು ರಾತ್ರಿ ಚಿತ್ರ. ಕ್ಯಾಮೆರಾ ಬಲೆಯ ಹೊರಗಿದ್ರೆ ಅದರದ್ದೇ ಇನ್‌ಫ್ರಾರೆಡ್ ಬೆಳಕು ತಂತಿಗೆ ಹೊಡೆದು ವಾಪಸ್ ಬಂದು ಎಲ್ಲಾ ಬೆಳ್ಳಗೆ, ಹಿಂದಿನ ಕೋಳಿ ಕಾಣೋದೇ ಇಲ್ಲ. ಗೂಡಿನೊಳಗೆ ಮೇಲಿನ ಮೂಲೇಲಿ, ಪಕ್ಕದ ಹಲಗೆ ಚಿತ್ರದೊಳಗೆ ಬರದ ಹಾಗೆ, ಕೆಳಗೆ ಮುಖ ಮಾಡಿ ಕೂರಿಸಿದ್ಮೇಲೆ ಕಾವು ಕೂತ ಹೇಂಟೆಯ ಕಣ್ಣು ಸಹ ಕಂಡ್ತು. ಮೋಷನ್ ಅಲರ್ಟ್ ಅಂತೂ ಕೇಳ್ಬೇಡಿ, ಆ ಬೆಳಕಿನ ಮುಂದೆ ಹಾರೋ ಧೂಳು, ಪುಕ್ಕದ ಚೂರು, ಹುಳ, ಲೆನ್ಸಿನ ಮುಂದೇನೇ ಬಲೆ ಕಟ್ಟೋ ಜೇಡ, ಎಲ್ಲಕ್ಕೂ ಟಿಣ್ ಟಿಣ್. ಅಲರ್ಟ್ ಬಂದ್ ಮಾಡಿ ಬೆಳಿಗ್ಗೆ ಚಾ ಕುಡೀತಾ 16 ಪಟ್ಟು ಸ್ಪೀಡಲ್ಲಿ ರಾತ್ರಿದು ಓಡ್ಸಿ ನೋಡೋದೇ ವಾಸಿ.

ಹಾಗೆ ನೋಡ್ತಿರುವಾಗಲೇ ಕಂಡಿದ್ದು, ನಾಗರ. ಬಾಗಿಲ ಕೆಳಗಿನ ಸಂದಿಂದ ಬಂದು ಬುಟ್ಟಿ ಸುತ್ತಿ, ಹೇಂಟೆ ಎದ್ದು ಕೂಗ್ತಿದ್ರೂ ಮೊಟ್ಟೆ ನುಂಗಿ ಬಂದ ದಾರೀಲೇ ಹೋಯ್ತು. ವಿಡಿಯೋ ಕಳ್ಸಿದ್ರೆ ಆಯಿ "ಅಯ್ಯೋ ದೇವ್ರೇ, ಅದಕ್ಕೆಂತದೂ ಮಾಡ್ಬೇಡ ತಮಾ, ಬಾಗ್ಲು ಮುಚ್ಚು ಸಾಕು" ಅಂದ್ಲು. ಆರು ಮೂಲೆ ಕಣ್ಣಿನ ಕೋಳಿ ಬಲೆ ತೆಗೆದು ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿದ್ವಿ, ಬಾಗಿಲ ಕೆಳಗೆ ಸಿಮೆಂಟು. 21 ದಿನಕ್ಕೆ ಆ ಸಲ ಮರಿ ಎದ್ದವು.

ಹಾಕೋರಿಗೆ ಇನ್ನೆರಡು ಮಾತು. ಸಮುದ್ರದ ಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡೀತವೆ, ಸ್ಟೀಲಿಂದೇ ಹಾಕಿ, ವೈರಿನ ಜಾಯಿಂಟು ಡಬ್ಬಿಯೊಳಗಿರ್ಲಿ, ಡಬ್ಬಿಗೆ ಹೋಗೋ ಮುಂಚೆ ವೈರು ಒಂದ್ಸಲ ಕೆಳಗೆ ಜೋತು ಬಿದ್ದಿದ್ರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗತ್ತೆ. ಪಾಸ್‌ವರ್ಡ್ ಮೊದಲ ದಿನಾನೇ ಬದಲಿಸಿ, ದೂರದಿಂದ ನೋಡೋಕೆ ರೌಟರಲ್ಲಿ ಪೋರ್ಟ್ (ಇಂಟರ್‌ನೆಟ್ಟಿಂದ ನೇರ ಒಳಗೆ ಬರೋ ದಾರಿ) ತೆರೆಯೋದು ಬೇಡ, ಆ್ಯಪ್ ಸಾಕು. ಮೊಬೈಲ್ ಡೇಟಾದಲ್ಲಿ ಲೈವ್ ಹಾಕಿ ಮರೆತ್ರೆ ಗಂಟೆಗೆ 450 ಎಂಬಿ ಹೋಗತ್ತೆ. ಮತ್ತೆ ನಮ್ ಹಳ್ಳಿ ಮನೆಗಳಲ್ಲಿ ಬಚ್ಚಲು, ಬಾವಿಕಟ್ಟೆ ಎಲ್ಲಾ ಹಿತ್ಲಲ್ಲೇ ಇರೋದು, ಕ್ಯಾಮೆರಾ ಮುಖ ಗೂಡು ಬಿಟ್ಟು ಆಚೆ ತಿರುಗಬಾರ್ದು. ಮೈಕೂ ಬಂದ್ ಮಾಡಿದೀನಿ, ಆಯಿ ಮತ್ತೆ ಪಕ್ಕದ್ಮನೆ ಅಕ್ಕ ಬೇಲಿ ಹತ್ರ ಆಡೋ ಮಾತೆಲ್ಲ ನಂಗ್ಯಾಕೆ.